ಮೊದಲ ಸಲ ರೇಖಿ ಮಾಡಿಸಿಕೊಂಡೆ. ಅಳು ಬಂತು, ನಿದ್ದೆ ಬಂತು. ಏನಿದು?

ಹಿತ್ತಲ_ಮಲ್ಲಿಗೆ (ಮೈಸೂರು)
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ 47. ಬಲಗಡೆ ಭುಜ ಹಿಡಿದುಕೊಂಡು ನಾಲ್ಕು ತಿಂಗಳಾಯಿತು. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗುವುದಿಲ್ಲ. ಜೊತೆಗೆ ನಿದ್ದೆಯ ಕಾಟ. ಹತ್ತೂವರೆಗೆ ಮಲಗಿದರೆ ಮೂರಕ್ಕೆ ಸರಿಯಾಗಿ ಎಚ್ಚರ. ಆಮೇಲೆ ಹಾಲಿನವನು ಬರುವವರೆಗೆ ಫ್ಯಾನ್ ನೋಡಿಕೊಂಡು ಬಿದ್ದಿರುವುದು. ನೋವಿನ ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲ ಆಯಿತು.

ಆಫೀಸಿನ ಗೆಳತಿ ಈ ಸಲ ನನ್ನ ಹುಟ್ಟುಹಬ್ಬಕ್ಕೆ ಸೀರೆ ಬದಲು ಒಂದು ರೇಖಿ ಸೆಷನ್ ಕೊಡಿಸಿದಳು. ಮೈಮೇಲೆ ಕೈ ಇಟ್ಟು ಶಕ್ತಿ ಹರಿಸುತ್ತೇವೆ ಅನ್ನುವ ಜಪಾನಿ ಪದ್ಧತಿಯಂತೆ ಅದು. ₹1,200 ಅಂತೆ. ಬೇಡ ಅನ್ನಲು ಸಂಕೋಚ. ನಿನ್ನೆ ಹೋಗಿ ಬಂದೆ.

ಊದುಬತ್ತಿ, ಬಣ್ಣದ ಹರಳು, ಕೊಳಲಿನ ಸಂಗೀತ ಅಂತೆಲ್ಲ ಅಂದುಕೊಂಡಿದ್ದೆ. ನೋಡಿದರೆ ಮಾಮೂಲಿ ಮನೆಯ ಮಹಡಿ. ಮೆಟ್ಟಿಲ ಕೆಳಗೆ ಮೊಮ್ಮಕ್ಕಳ ಸೈಕಲ್ಲು. ಒಳಗೆ ಒಂದು ಎತ್ತರದ ಮಂಚ, ತೆಳುವಾದ ಹಾಸಿಗೆ, ಒಗೆದ ಬಿಳಿ ಬೆಡ್‌ಶೀಟು. ಆಕೆಗೆ ಅರವತ್ತರ ಹತ್ತಿರ, ಟೀಚರ್ ಆಗಿ ರಿಟೈರ್ ಆದವರು. ವಾಚು, ಬಳೆ ತೆಗೆದಿಡಿ ಎಂದರು. "ಮುಟ್ಟಬಹುದಾ? ಇಲ್ಲ ಮೈಮೇಲೆ ಇಡದೆ ಸ್ವಲ್ಪ ಎತ್ತರದಲ್ಲೇ ಕೈ ಹಿಡಿಯಲಾ?" ಎಂದು ಮೊದಲೇ ಕೇಳಿದರು. ಅದು ಇಷ್ಟವಾಯಿತು. ಪರವಾಗಿಲ್ಲ ಮುಟ್ಟಿ ಎಂದೆ.

ಕಣ್ಣಿನ ಮೇಲೆ ಟಿಶ್ಯೂ ಹಾಕಿ, ಅದರ ಮೇಲೆ ಎರಡೂ ಅಂಗೈ ಇಟ್ಟರು. ಒತ್ತಲಿಲ್ಲ, ತಿಕ್ಕಲಿಲ್ಲ. ಸುಮ್ನೆ ಇಟ್ಟರು. ಮೊದಲ ಐದು ನಿಮಿಷ ನನಗೆ ನಗು ತಡೆಯುವುದೇ ಕಷ್ಟವಾಯಿತು. ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ನಾನು ಸೀಟಿ ಎಣಿಸುತ್ತಿದ್ದೆ. ಮೂರನೇ ಸೀಟಿಯ ಹೊತ್ತಿಗೆ ಅವರ ಕೈ ಕಿವಿಯಿಂದ ತಲೆಯ ಹಿಂದಕ್ಕೆ ಬಂದಿತ್ತು. ತಲೆಯನ್ನು ಎರಡೂ ಕೈಯಲ್ಲಿ ತೆಂಗಿನಕಾಯಿ ಹಿಡಿದ ಹಾಗೆ ಹಿಡಿದುಕೊಂಡರು. ನಾನು ಕುತ್ತಿಗೆ ಬಿಗಿ ಹಿಡಿದಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. "ಬಿಡಿ, ನಾನು ಹಿಡಿದಿದ್ದೇನೆ" ಎಂದರು. ಬಿಟ್ಟೆ. ಅಷ್ಟೇ, ಕಣ್ಣಲ್ಲಿ ನೀರು ಸುರಿಯಲು ಶುರುವಾಯಿತು. ದುಃಖ ಅಂತ ಏನೂ ಅನ್ನಿಸಲಿಲ್ಲ. ಅಂಗಾತ ಮಲಗಿದ್ದರಿಂದ ನೀರೆಲ್ಲ ಕಿವಿಯೊಳಗೆ. ಒರೆಸಿಕೊಳ್ಳಲು ನಾಚಿಕೆ.

ಆಮೇಲೆ ನಿದ್ದೆ ಹೋದೆ. ಭುಜದ ಮೇಲೆ ಕೈ ಇಟ್ಟಿದ್ದು ಅರೆಬರೆ ನೆನಪಿದೆ. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ಇತ್ತು. ಏಳುವಾಗ ಒಂದು ಗಂಟೆ ಮೇಲಾಗಿತ್ತು. ನಿನ್ನೆ ರಾತ್ರಿ ಐದರವರೆಗೆ ಮಲಗಿದೆ! ಭುಜ ಮಾತ್ರ ಹಾಗೇ ಇದೆ.

ಹೊರಡುವಾಗ ಆಕೆ ಹೇಳಿದ್ದು: "ನಿಮ್ಮ ಅನಾಹತ ಚಕ್ರ, ಅಂದರೆ ಎದೆಯ ಹತ್ತಿರದ ಶಕ್ತಿಕೇಂದ್ರ, ಮುಚ್ಚಿಕೊಂಡಿದೆ, ಅದಕ್ಕೇ ಭುಜ. ಒಂದು ಸೆಷನ್ ಸಾಲದು, 21 ದಿನ ಬೇಕು. ಇಲ್ಲ ರೇಖಿಯ ಮೊದಲ ಹಂತ, ಫಸ್ಟ್ ಡಿಗ್ರಿ, ಕಲಿತುಬಿಡಿ, ₹6,500. ನಿಮಗೆ ನೀವೇ ಮಾಡಿಕೊಳ್ಳಬಹುದು."

ನಮ್ಮ ಯಜಮಾನರು "1,200 ರೂಪಾಯಿ ಕೊಟ್ಟು ನಿದ್ದೆ ಮಾಡಿ ಬಂದಿದ್ದೀಯ" ಎಂದು ನಗುತ್ತಿದ್ದಾರೆ. ಆ ಬಿಸಿ ಏನು? ಅಳು ಯಾಕೆ ಬಂತು? ಕೋರ್ಸಿಗೆ ಸೇರಲಾ? ಅನುಭವ ಇರುವವರು ಹೇಳಿ.

ಒಗ್ಗರಣೆ_ಡಬ್ಬಿ (ಬೆಂಗಳೂರು)
ಭಾನುವಾರ, ರಾತ್ರಿ 9:31

ಒಂದು ಗಂಟೆ ಫೋನ್ ಇಲ್ಲ, ಗಂಡ ಇಲ್ಲ, "ಅಮ್ಮಾ ನನ್ನ ಚಾರ್ಜರ್ ಎಲ್ಲಿ" ಇಲ್ಲ. ಒಗೆದ ಬೆಡ್‌ಶೀಟು ಬೇರೆ. ನನ್ನನ್ನು ಹಾಗೆ ಮಲಗಿಸಿದರೆ ಸತ್ತವಳೂ ಎದ್ದು ಕೂರುತ್ತೇನೆ. ₹1,200 ಕಡಿಮೆಯೇ ಆಯಿತು.

ಅಂದ ಹಾಗೆ ಕುಕ್ಕರ್ ಎಷ್ಟು ಸೀಟಿಗೆ ನಿಂತಿತು?

ಉಣಕಲ್_ಕೆರೆ (ಹುಬ್ಬಳ್ಳಿ)
ಭಾನುವಾರ, ರಾತ್ರಿ 10:05

ಅಕ್ಕಾರೆ, ನಾನು 2009ರಲ್ಲಿ ರೇಖಿ ಕಲಿತವಳು. ಸೆಕೆಂಡ್ ಡಿಗ್ರಿ ಆಗಿದೆ. ರೊಕ್ಕ ತಗೊಂಡು ಯಾರಿಗೂ ಮಾಡುವುದಿಲ್ಲ, ಮನೆಯವರಿಗೆ, ಓಣಿಯವರಿಗೆ ಅಷ್ಟೇ. ಹಂಗಾಗಿ ನನಗೆ ಲಾಭನೂ ಇಲ್ಲ, ಲುಕ್ಸಾನೂ ಇಲ್ಲ ಅಂತ ತಿಳಕೊಂಡು ಓದ್ರಿ.

ಅಳು ಬರುವುದು ಬಹಳ ಜನರಿಗೆ ಆಗುತ್ತದೆ. ನಿದ್ದೆಯಂತೂ ಮಾಮೂಲು. ಕೆಲವರು ಗೊರಕೆ ಹೊಡೆಯುತ್ತಾರೆ. ಹೊಟ್ಟೆ ಗುರ್ ಅನ್ನುತ್ತದೆ. ಕೆಲವರಿಗೆ ಏನಂದರೆ ಏನೂ ಆಗುವುದಿಲ್ಲ, ಎದ್ದು "ಇಷ್ಟೇನಾ?" ಅಂತಾರೆ. ಅದೂ ಮಾಮೂಲೇ.

ಆದರೆ ಆಕೆ ಹೊರಡುವಾಗ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ನಮ್ಮ ಗುರುಗಳು ಮೊದಲ ದಿನವೇ ಹೇಳಿದ್ದರು: ರೋಗ ಇಂಥದ್ದು ಅಂತ ನೀವು ಹೇಳಬಾರದು, ಗುಳಿಗೆ ಬಿಡಿಸಬಾರದು, ಇಷ್ಟು ದಿನಕ್ಕೆ ವಾಸಿ ಅಂತ ಮಾತು ಕೊಡಬಾರದು. ಮಲಗಿದವರು ಎದ್ದ ಕೂಡಲೇ ಮನಸ್ಸು ಬಹಳ ಮೆತ್ತಗಿರುತ್ತದೆ ರೀ. ಅದೇ ಹೊತ್ತಿಗೆ ಕೋರ್ಸಿನ ಮಾತು ತೆಗೆಯುವುದು ಚಲೋ ಅಲ್ಲ.

ಮತ್ತೆ ಈ 21 ದಿನದ ಕಥೆ. ರೇಖಿ ಶುರು ಮಾಡಿದ ಮಿಕಾವೊ ಉಸುಯಿ ಅವರು 1922ರಲ್ಲಿ ಜಪಾನಿನ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸ ಕೂತಿದ್ದರಂತೆ. ಆ ಲೆಕ್ಕವೇ ಇಲ್ಲಿಗೂ ಬಂದಿದೆ. ಕಲಿತವರು ದೀಕ್ಷೆ ಆದಮೇಲೆ 21 ದಿನ ತಮಗೆ ತಾವೇ ಮಾಡಿಕೊಳ್ಳಬೇಕು ಅನ್ನುವ ಪದ್ಧತಿ ಇದೆ. ಬಂದವರಿಗೆಲ್ಲ 21 ಸೆಷನ್ ಕಟ್ಟಿಸಬೇಕು ಅಂತ ಎಲ್ಲೂ ಇಲ್ಲ. ಚಕ್ರದ ಮಾತು ಉಸುಯಿ ಅವರ ಕಲಿಕೆಯಲ್ಲಿ ಇರಲೇ ಇಲ್ಲ, ಆಮೇಲೆ ಬಂದು ಸೇರಿದ್ದು. ನಮ್ಮ ದೇಶದಲ್ಲಿ ಚಕ್ರ ಅಂದರೆ ಜನ ಲಗೂನ ಒಪ್ಪಿಕೊಳ್ಳುತ್ತಾರೆ, ನೋಡ್ರಿ.

ತಾಲ್ಲೂಕು_ಡಾಕ್ಟರ್
ಭಾನುವಾರ, ರಾತ್ರಿ 11:20

ಡ್ಯೂಟಿ ಮುಗಿಸಿ ಬಂದು ನೋಡಿದೆ. ಮಲ್ಲಿಗೆ ಮೇಡಂ, ರೇಖಿ ಆಮೇಲೆ ಮಾತಾಡೋಣ. ಮೊದಲು ಮೂರು ಪ್ರಶ್ನೆ.

ನೀವು ಸಡಿಲ ಬಿಟ್ಟು, ಬೇರೆಯವರು ನಿಮ್ಮ ಕೈ ಎತ್ತಿದರೆ ಮೇಲೆ ಹೋಗುತ್ತಾ? ಇಲ್ಲ ಅಲ್ಲೂ ಗೋಡೆಗೆ ತಗುಲಿದ ಹಾಗೆ ನಿಲ್ಲುತ್ತಾ? ಇತ್ತೀಚೆಗೆ ಸಕ್ಕರೆ, ಥೈರಾಯ್ಡ್ ನೋಡಿಸಿದ್ದೀರಾ? ಮೂರನೆಯದು, ಮೂರು ಗಂಟೆಗೇ ಯಾಕೆ ಎಚ್ಚರ? ಹಿಂದೆ ಆ ಹೊತ್ತಿಗೆ ಏಳುವ ಕೆಲಸ ಏನಾದರೂ ಇತ್ತಾ?

ಹಿತ್ತಲ_ಮಲ್ಲಿಗೆ
ಸೋಮವಾರ, ಬೆಳಿಗ್ಗೆ 6:15

ಡಾಕ್ಟ್ರೇ, ಯಜಮಾನರ ಕೈಯಲ್ಲಿ ಎತ್ತಿಸಿ ನೋಡಿದೆ. ಹೆಗಲ ಮಟ್ಟಕ್ಕೆ ಬರುವ ಮೊದಲೇ ನಿಂತುಬಿಡುತ್ತದೆ. ಜೀವ ಹೋಗುವಷ್ಟು ನೋವು. ಥೈರಾಯ್ಡ್ ಜನವರಿಯಲ್ಲಿ ನೋಡಿಸಿದ್ದೆ, ನಾರ್ಮಲ್. ಸಕ್ಕರೆ ನೋಡಿಸಿ ಎರಡು ಮೂರು ವರ್ಷ ಆಗಿರಬೇಕು.

ಮೂರನೆಯ ಪ್ರಶ್ನೆಗೆ ರಾತ್ರಿಯಿಡೀ ಯೋಚಿಸಿದೆ. ಇದನ್ನು ನಾನು ಯಾವ ಡಾಕ್ಟರಿಗೂ ಹೇಳಿಲ್ಲ, ಯಾರೂ ಕೇಳಿರಲೂ ಇಲ್ಲ. ನಮ್ಮ ಅತ್ತೆಗೆ ಸ್ಟ್ರೋಕ್ ಆಗಿ 22 ತಿಂಗಳು ಹಾಸಿಗೆಯಲ್ಲಿದ್ದರು. ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ರಾತ್ರಿ ಹನ್ನೊಂದು ಮತ್ತು ಒಂದು ಇವರದ್ದು. ಮೂರು ಮತ್ತು ಐದು ನನ್ನದು. ಬಲಗೈಯನ್ನು ಅತ್ತೆಯ ಬೆನ್ನ ಕೆಳಗೆ ತೂರಿಸಿ ಎತ್ತಬೇಕು. ಅವರಿಗೆ ಬಿದ್ದುಬಿಡುತ್ತೇನೆ ಅಂತ ಭಯ. ಮಂಚದ ಕಂಬಿ ಗಟ್ಟಿ ಹಿಡಿದುಕೊಂಡುಬಿಡುತ್ತಿದ್ದರು. ದಿನಾ ಹೇಳುತ್ತಿದ್ದೆ, "ಬಿಡಿ ಅತ್ತೆ, ನಾನು ಹಿಡಿದಿದ್ದೇನೆ" ಅಂತ.

ಅವರು ಹೋಗಿ ಬರುವ ತಿಂಗಳಿಗೆ ಒಂದು ವರ್ಷ.

ಈಗ ಇದನ್ನು ಟೈಪ್ ಮಾಡುವವರೆಗೆ ಆ ಮಾತಿಗೂ ಆಕೆ ಹೇಳಿದ ಮಾತಿಗೂ ನಂಟು ಹೊಳೆದಿರಲೇ ಇಲ್ಲ. ಕಾಫಿ ಆರಿಹೋಯಿತು. ಆಮೇಲೆ ಬರುತ್ತೇನೆ.

ಒಗ್ಗರಣೆ_ಡಬ್ಬಿ
ಸೋಮವಾರ, ಬೆಳಿಗ್ಗೆ 7:02

ಅಕ್ಕಾ, ನಿನ್ನೆ ತಮಾಷೆ ಮಾಡಿದ್ದಕ್ಕೆ ಬೇಜಾರಾಗಬೇಡಿ. ನಮ್ಮಮ್ಮನನ್ನೂ ಹಾಗೇ ನೋಡಿಕೊಂಡಿದ್ದೆ. ನನಗೆ ಈಗಲೂ ಎಲ್ಲಾದರೂ ಕರೆಗಂಟೆ ಸದ್ದಾದರೆ ಎದೆ ಧಸಕ್ ಅನ್ನುತ್ತದೆ.

ತಾಲ್ಲೂಕು_ಡಾಕ್ಟರ್
ಸೋಮವಾರ, ಮಧ್ಯಾಹ್ನ 2:40

ಮೇಡಂ, ಉತ್ತರಕ್ಕೆ ಥ್ಯಾಂಕ್ಸ್. ನೋಡದೆ ಹೇಳಬಾರದು, ಆದರೂ ನೀವು ಹೇಳಿದ್ದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆ, ತರಹ ಕಾಣುತ್ತದೆ. 40ರಿಂದ 60ರ ಒಳಗಿನವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಅದಕ್ಕೇ ಕೇಳಿದ್ದು. ಎಚ್‌ಬಿಎ1ಸಿ ಅನ್ನುವ ಸಕ್ಕರೆಯ ರಕ್ತ ಪರೀಕ್ಷೆ ಒಂದು ಮಾಡಿಸಿ. ಅತ್ತೆಯನ್ನು ಎತ್ತಿ ಎತ್ತಿ ಹೀಗಾಯಿತು ಅಂತ ತೀರ್ಮಾನ ಮಾಡಬೇಡಿ, ಇದು ಎಷ್ಟೋ ಸಲ ಕಾರಣವೇ ಇಲ್ಲದೆ ಬರುತ್ತದೆ. ಮೂಳೆ ಡಾಕ್ಟರಿಗೆ ತೋರಿಸಿ, ಫಿಸಿಯೊಥೆರಪಿ ಶುರು ಮಾಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ಎರಡು ವರ್ಷ. ನಿಧಾನಕ್ಕೆ ಬಿಡುತ್ತದೆ. ಅನಾಹತಕ್ಕೂ ಇದಕ್ಕೂ ಸಂಬಂಧ ಇಲ್ಲ.

ಈಗ ರೇಖಿ. ನಾನು ನಂಬುವವನಲ್ಲ, ಹಾಗಂತ ನಿಮ್ಮ ಅನುಭವ ಸುಳ್ಳು ಅಂತಲೂ ಹೇಳುವುದಿಲ್ಲ. 2011ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಕೀಮೊಥೆರಪಿ ತೆಗೆದುಕೊಳ್ಳುವ 189 ಜನ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಜೊತೆಗೆ ನಿಜವಾದ ರೇಖಿ. ಮೂರನೆಯದಕ್ಕೆ ನಾಟಕದ ರೇಖಿ, ಅಂದರೆ ರೇಖಿ ಕಲಿಯದವರು ಹಾಗೇ ಕೈ ಇಟ್ಟು ನಿಲ್ಲುವುದು. ರೇಖಿ ಸಿಕ್ಕವರಿಗೆ ಹಾಯ್ ಅನ್ನಿಸಿತು. ನಾಟಕದ ರೇಖಿ ಸಿಕ್ಕವರಿಗೂ ಅಷ್ಟೇ ಹಾಯ್ ಅನ್ನಿಸಿತು. ಏನೂ ಸಿಗದವರಿಗೆ ಇಲ್ಲ.

ಅಂದರೆ ಕೆಲಸ ಮಾಡಿದ್ದು ದೀಕ್ಷೆ, ಚಿಹ್ನೆ, ಶಕ್ತಿ ಅಲ್ಲ. ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತು ನಿಮ್ಮ ಕಡೆಗೇ ಗಮನ ಕೊಟ್ಟಿದ್ದು. ನಾನು ಒಪಿಡಿಯಲ್ಲಿ ಒಬ್ಬರಿಗೆ ಮೂರು ನಿಮಿಷ ಕೊಟ್ಟರೆ ಹೆಚ್ಚು. ಆಕೆ ನಿಮಗೆ ಅರವತ್ತೈದು ನಿಮಿಷ ಕೊಟ್ಟಿದ್ದಾರೆ. ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳಬೇಕೆಂದರೆ.

ಲೆಕ್ಕದ_ಮೇಷ್ಟ್ರು (ತುಮಕೂರು)
ಸೋಮವಾರ, ಸಂಜೆ 5:55

ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1998ರಲ್ಲಿ ಅಮೆರಿಕದ ಎಮಿಲಿ ರೋಸಾ ಅನ್ನುವ ಹುಡುಗಿಯ ಪ್ರಯೋಗ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಯಿತು. ಅವಳು ಪ್ರಯೋಗ ಶುರು ಮಾಡಿದಾಗ ಒಂಬತ್ತು ವರ್ಷ, ಸ್ಕೂಲಿನ ವಿಜ್ಞಾನ ಮೇಳಕ್ಕೆ ಅಂತ ಮಾಡಿದ್ದು. ಅದು ರೇಖಿ ಅಲ್ಲ, ಅದರ ದಾಯಾದಿ, ಥೆರಪ್ಯೂಟಿಕ್ ಟಚ್. ಮುಟ್ಟದೆಯೇ ಮೈಯ ಶಕ್ತಿ ಕೈಗೆ ಗೊತ್ತಾಗುತ್ತದೆ ಅನ್ನುವವರು. ಅಂಥ 21 ಜನ ಒಂದು ಅಡ್ಡಹಲಗೆಯ ತೂತಿನಿಂದ ಎರಡೂ ಕೈ ಈಚೆ ಚಾಚಬೇಕು. ಹುಡುಗಿ ನಾಣ್ಯ ಚಿಮ್ಮಿ, ಎಡಗೈಯೋ ಬಲಗೈಯೋ, ಒಂದರ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಇದೆ ಹೇಳಿ? 280 ಸಲದಲ್ಲಿ ಸರಿ ಹೇಳಿದ್ದು 123. ಕಣ್ಣು ಮುಚ್ಚಿ ಊಹಿಸಿದ್ದರೂ 140 ಬರಬೇಕಿತ್ತು!

ನನ್ನ ಷಡ್ಡಕ ರೇಖಿ ಮಾಸ್ಟರ್, ಅಂದರೆ ಬೇರೆಯವರಿಗೆ ಕಲಿಸುವವನು. ಯುಗಾದಿಗೆ ಬಂದಾಗ ಊಟ ಆದಮೇಲೆ ಟವೆಲ್ ಅಡ್ಡ ಹಿಡಿದು ಇದನ್ನೇ ಮಾಡಿಸಿದೆ. 20 ಸಲಕ್ಕೆ 9 ಸರಿ. "ಹೋಳಿಗೆ ತಿಂದಮೇಲೆ ಶಕ್ತಿ ಜಡವಾಗಿರುತ್ತೆ ಭಾವ" ಅಂದ. ಆಮೇಲೆ ನನ್ನ ಹೆಂಡತಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಪ್ರಯೋಗ ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಿಸಿಯ ವಿಷಯಕ್ಕೆ: ಅಂಗೈಯನ್ನು ಒಂದೇ ಕಡೆ ಐದು ನಿಮಿಷ ಇಟ್ಟರೆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ನಿಮ್ಮದೇ ಕೈ ನಿಮ್ಮದೇ ತೊಡೆಯ ಮೇಲೆ ಇಟ್ಟು ನೋಡಿ.

ಉಣಕಲ್_ಕೆರೆ
ಸೋಮವಾರ, ರಾತ್ರಿ 8:30

ಮೇಷ್ಟ್ರೇ, ಟವೆಲ್ ಹಿಡಿದು ಪ್ರೀತಿ ಅಳೆಯಲಿಕ್ಕೆ ಆಗುತ್ತದೇನ್ರಿ? ನಾನು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಮೈಮೇಲೆ ಕೈ ಇಟ್ಟುಕೊಂಡು ಕೂತಿರುತ್ತೇನೆ. ಅದರಿಂದ ನನ್ನ ಸಿಟ್ಟು ಕಡಿಮೆ ಆಗಿದೆ ಅಂತ ನಮ್ಮ ಸೊಸೆನೇ ಹೇಳುತ್ತಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಲೆಕ್ಕದ_ಮೇಷ್ಟ್ರು
ಸೋಮವಾರ, ರಾತ್ರಿ 8:41

ಸೊಸೆಯ ಸಾಕ್ಷಿ ಒಪ್ಪಿದೆ. ಅಲ್ಲಿಗೆ ನಾನು ಸೋತೆ.

ದಿವ್ಯ_ಕಿರಣ
ಸೋಮವಾರ, ರಾತ್ರಿ 9:15

[ಈ ಬರಹ ತೆಗೆಯಲಾಗಿದೆ]

ನಿರ್ವಾಹಕ
ಸೋಮವಾರ, ರಾತ್ರಿ 9:22

"ಫೋಟೋ ಮತ್ತು ₹501 ಕಳಿಸಿ, ದೂರದಿಂದಲೇ ಶುಗರ್ ವಾಸಿ ಮಾಡುತ್ತೇವೆ" ಅನ್ನುವ ಜಾಹೀರಾತು ತೆಗೆದಿದ್ದೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇಂಥವನ್ನು ಮಾಯಮಂತ್ರದಿಂದ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಲ್ಲಿ ಶಿಕ್ಷೆ ಇದೆ. ಇಲ್ಲಿ ಫೋನ್ ನಂಬರ್ ಹಾಕಬೇಡಿ.

ಕಾಮೊ_ನದಿ_ದಂಡೆ (ಕ್ಯೋಟೊ)
ಸೋಮವಾರ, ರಾತ್ರಿ 10:10

ಕುರಾಮಾ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ನಾನಿರುವ ಜಾಗದಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ. ದೆಮಾಚಿಯಾನಗಿ ಸ್ಟೇಷನ್ನಿನಿಂದ ಪುಟ್ಟ ರೈಲು ಹೋಗುತ್ತದೆ. ಕೊನೆಯ ಸ್ಟೇಷನ್ನೇ ಕುರಾಮಾ. ಇಳಿದರೆ ಎದುರಿಗೇ ಕೆಂಪು ಮುಖದ, ಮೊಳದುದ್ದ ಮೂಗಿನ ತೆಂಗು ಅನ್ನುವ ಭೂತದ ದೊಡ್ಡ ತಲೆ. (ನಮ್ಮ ತೆಂಗಲ್ಲ, ಜಪಾನಿನ ಬೆಟ್ಟದ ಭೂತ.) ಬೆಟ್ಟದ ಮೇಲೆ ದೇವಸ್ಥಾನ, ಆಕಾಶ ಕಾಣದಷ್ಟು ದೇವದಾರು ಜಾತಿಯ ಮರಗಳು, ಬೇರುಗಳೆಲ್ಲ ನೆಲದ ಮೇಲೇ ಹಾವಿನ ಹಾಗೆ ಹರಡಿಕೊಂಡಿವೆ. ಆಗುಂಬೆ ಕಾಡು ಕಂಡವರಿಗೆ ಅಲ್ಲಿ ಕಣ್ಣು ಒದ್ದೆಯಾಗುತ್ತದೆ.

ತಮಾಷೆ ಏನೆಂದರೆ, ನನ್ನ ಜಪಾನಿ ಸಹೋದ್ಯೋಗಿಗಳಲ್ಲಿ ರೇಖಿ ಗೊತ್ತಿರುವವರು ಒಬ್ಬಿಬ್ಬರು. ಅವರೂ ಅದನ್ನು ಪರದೇಶದ ಮಾತು ಬರೆಯುವ ಕಟಕಾನಾ ಲಿಪಿಯಲ್ಲಿ ಬರೆಯುತ್ತಾರೆ. ಇಲ್ಲಿ ಹುಟ್ಟಿದ್ದು, ಹೊರಗೆ ಹೋಗಿ, ವಿದೇಶಿ ಸರಕಾಗಿ ವಾಪಸ್ ಬಂದಿದೆ. ಹೋದದ್ದು ಹೇಗೆ ಅಂದರೆ: ಉಸುಯಿ 1926ರಲ್ಲಿ ತೀರಿಕೊಂಡರು. ಅವರ ಶಿಷ್ಯ ಚುಜಿರೊ ಹಯಾಶಿ, ನೌಕಾಪಡೆಯಲ್ಲಿದ್ದವರು, ಟೋಕಿಯೊದಲ್ಲಿ ಕ್ಲಿನಿಕ್ ಇಟ್ಟರು. 1935ರಲ್ಲಿ ಅಲ್ಲಿಗೆ ಕಾಯಿಲೆ ಎಂದು ಬಂದವರು ಹವಾಯೊ ತಕಾತಾ, ಹವಾಯಿ ದ್ವೀಪದ ಕಬ್ಬಿನ ತೋಟಗಳಿಗೆ ಹೋಗಿ ನೆಲೆಸಿದ ಜಪಾನಿ ಕುಟುಂಬದ ವಿಧವೆ. ವಾಸಿಯಾಯಿತು ಅಂತ ಅಲ್ಲೇ ಕಲಿತು ಹವಾಯಿಗೆ ಒಯ್ದರು. 1980ರಲ್ಲಿ ಸಾಯುವ ಹೊತ್ತಿಗೆ 22 ಜನರನ್ನು ಮಾಸ್ಟರ್ ಮಾಡಿದ್ದರು. ಮಾಸ್ಟರ್ ಆಗುವ ಫೀಸು 10,000 ಡಾಲರ್! ಮಲ್ಲಿಗೆಯವರ ₹6,500 ಅದರ ಮುಂದೆ ಏನೂ ಅಲ್ಲ.

ಉಸುಯಿ ಕ್ರೈಸ್ತ ಪಂಡಿತರಾಗಿದ್ದರು, ಷಿಕಾಗೊದಲ್ಲಿ ಓದಿದ್ದರು ಅಂತ ತಕಾತಾ ಕಾಲದಲ್ಲಿ ಒಂದು ಕಥೆ ಓಡಾಡಿತು. ಆ ವಿಶ್ವವಿದ್ಯಾಲಯದಲ್ಲಿ ಹುಡುಕಿದರೆ ಅವರ ಹೆಸರೇ ಇಲ್ಲ. ಅಮೆರಿಕದವರಿಗೆ ಹಿಡಿಸಲಿ ಅಂತ ಕಟ್ಟಿದ ಕಥೆ ಇರಬೇಕು. ಟೋಕಿಯೊದ ಸೈಹೋಜಿ ಗುಡಿಯಲ್ಲಿ ಅವರ ಶಿಷ್ಯರು 1927ರಲ್ಲಿ ನೆಟ್ಟ ಕಲ್ಲು ಇದೆ. 1923ರ ಮಹಾ ಭೂಕಂಪದಲ್ಲಿ ಗಾಯಗೊಂಡವರನ್ನು ಬೀದಿ ಬೀದಿ ತಿರುಗಿ ನೋಡಿಕೊಂಡರು ಅಂತ ಅದರಲ್ಲಿ ಬರೆದಿದೆ. ನನಗೆ ಷಿಕಾಗೊ ಕಥೆಗಿಂತ ಇದೇ ಹೆಚ್ಚು ಹಿಡಿಸಿತು.

ಕಡಲ_ಗಾಳಿ (ಮಂಗಳೂರು)
ಮಂಗಳವಾರ, ಬೆಳಿಗ್ಗೆ 8:20

ಎಂಥ ಚರ್ಚೆ ಮಾರಾಯ್ರೆ. ನಾನು ಕ್ಯಾಥೊಲಿಕ್. ಕುವೈತ್‌ನಲ್ಲಿರುವ ಅಕ್ಕ ಕಲಿತು ಬಂದು ನನಗೂ ಮಾಡ್ತೇನೆ ಅಂದಾಗ ಅಮ್ಮ ಚರ್ಚಿಗೆ ಹೋಗಿ ಪಾದ್ರಿಯವರನ್ನು ಕೇಳಿದರು. ಅಮೆರಿಕದ ಬಿಷಪರು 2009ರಲ್ಲೇ ಇದು ವಿಜ್ಞಾನವೂ ಅಲ್ಲ, ನಮ್ಮ ನಂಬಿಕೆಗೂ ಹೊಂದುವುದಿಲ್ಲ ಅಂತ ಬರೆದಿದ್ದಾರಂತೆ. ಅಲ್ಲಿಗೆ ಮುಗಿಯಿತು. ಅಕ್ಕ ಈಗ ತಲೆಗೆ ಎಣ್ಣೆ ಹಚ್ಚುತ್ತೇನೆ ಅಂತ ಹೇಳಿ ಅದನ್ನೇ ಮಾಡ್ತಾಳೆ. ಅಮ್ಮ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿರ್ತಾರೆ, ಏನೂ ಗೊತ್ತಿಲ್ಲದ ಹಾಗೆ.

ಸಾಗರದ_ಹುಡುಗ
ಮಂಗಳವಾರ, ರಾತ್ರಿ 11:48

ಎಲ್ಲರೂ ನಗುತ್ತಾ ಮಾತಾಡುತ್ತಿದ್ದೀರಿ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಚಿಕ್ಕಮ್ಮನಿಗೆ ಎದೆಯಲ್ಲಿ ಒಂದು ಗಂಟು. ಹುಣಸೆಬೀಜದಷ್ಟು ಇತ್ತಂತೆ ಮೊದಲು. ಆಕೆಗೆ ಮೊದಲಿಂದಲೂ ಆಸ್ಪತ್ರೆ ಅಂದರೆ ಭಯ. ರೇಖಿ ಮಾಡುವ ಒಬ್ಬರ ಪರಿಚಯವಾಯಿತು. ಒಳ್ಳೆಯ ಹೆಂಗಸು. ಆದರೆ "ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಹರಡುತ್ತೆ, ಮೊದಲು ಕರಗಿಸೋಣ" ಅಂದರು. ಚಿಕ್ಕಮ್ಮನಿಗೆ ಬೇಕಾಗಿದ್ದೂ ಅದೇ ಮಾತು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಹೋಗುತ್ತಿದ್ದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮುಖ ಎಷ್ಟು ಕಳೆಕಳೆಯಾಗಿತ್ತು ಅಂದರೆ ನಾವೇ "ಏನು ಚಿಕ್ಕಮ್ಮ, ಸಣ್ಣ ವಯಸ್ಸಾದ ಹಾಗಿದೆ" ಅಂತ ರೇಗಿಸಿದ್ದೆವು. ಏಳು ತಿಂಗಳು. ಕಂಕುಳಲ್ಲಿ ಗಂಟು ಕಾಣಿಸಿಕೊಂಡು ಕೈ ಊದಿದ ಮೇಲೆ ನಮಗೆ ಗೊತ್ತಾಯಿತು. ಆಪರೇಷನ್, ಕೀಮೊ, ಎಲ್ಲ ಮಾಡಿಸಿದೆವು. 2019ರಲ್ಲಿ ಹೋದಳು.

ಆ ಹೆಂಗಸು ಆಸ್ಪತ್ರೆಗೂ ಬರುತ್ತಿದ್ದರು. ದುಡ್ಡಿಗಲ್ಲ, ಸುಮ್ನೆ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಚಿಕ್ಕಮ್ಮನ ಪಾದ ಹಿಡಿದುಕೊಂಡು ಕೂರುತ್ತಿದ್ದರು. ಒಂದು ದಿನ ನಾನು ಕಾರಿಡಾರಿನಲ್ಲಿ ಅವರನ್ನು ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಅವರು ಏನೂ ಹೇಳಲಿಲ್ಲ. ಚಿಕ್ಕಮ್ಮನಿಗೆ ಅದು ಗೊತ್ತಾಗಿ ಎರಡು ದಿನ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ನನಗೆ ಇವತ್ತಿಗೂ ಇದೆ.

ಮಲ್ಲಿಗೆ ಅಕ್ಕ, ನಿಮಗೆ ನಿದ್ದೆ ಬಂದಿದ್ದು ಒಳ್ಳೆಯದಾಯಿತು. ಆದರೆ ನಿದ್ದೆ ಬಂತು ಅಂತ ಭುಜ ತೋರಿಸುವುದನ್ನು ಬಿಡಬೇಡಿ.

ತಾಲ್ಲೂಕು_ಡಾಕ್ಟರ್
ಬುಧವಾರ, ಬೆಳಿಗ್ಗೆ 7:30

ಬರೆದಿದ್ದು ಒಳ್ಳೆಯದು ಮಾಡಿದಿರಿ.

ಓದುವ ಬೇರೆಯವರಿಗಾಗಿ: ಬಯಾಪ್ಸಿಯಿಂದ ಸ್ತನ ಕ್ಯಾನ್ಸರ್ ಹರಡುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ. ಗಂಟು ಕೈಗೆ ಸಿಕ್ಕಿದರೆ ವಾರ ಕಾಯಬೇಡಿ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಲೆಕ್ಕ ತೆಗೆದರು. ವಾಸಿಯಾಗಬಹುದಾದ ಕ್ಯಾನ್ಸರ್ ಇದ್ದೂ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಬದಲಿ ಚಿಕಿತ್ಸೆ ಹಿಡಿದವರು 281 ಜನ. ಅವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟಿಗೂ ಮೇಲೆ. ರೇಖಿ ಯಾರನ್ನೂ ಕೊಲ್ಲುವುದಿಲ್ಲ. ಅದರ ಹೆಸರಲ್ಲಿ ಕಳೆದುಹೋಗುವ ಏಳು ತಿಂಗಳು ಕೊಲ್ಲುತ್ತದೆ.

ಉಣಕಲ್_ಕೆರೆ
ಬುಧವಾರ, ಬೆಳಿಗ್ಗೆ 9:10

ತಮ್ಮಾ, ಓದಿ ಕೈ ನಡುಗಿತು. ನಾನು ಆ ಹೆಂಗಸಿನ ಪರ ಮಾತಾಡುವುದಿಲ್ಲ. "ಕರಗಿಸೋಣ" ಅನ್ನುವ ಮಾತು ಆಕೆ ಆಡಬಾರದಿತ್ತು.

ಈ ವಿದ್ಯೆಗೆ ಹೇಳುವವರು ಕೇಳುವವರು ಯಾರೂ ಇಲ್ಲ ರೀ. ಆಯುರ್ವೇದ, ಯೋಗ ಇತ್ಯಾದಿ ಇರುವ ಸರ್ಕಾರದ ಆಯುಷ್ ಪಟ್ಟಿಯಲ್ಲಿ ಇಲ್ಲ, ಲೈಸೆನ್ಸ್ ಅಂತ ಇಲ್ಲ. ಎರಡು ದಿನದ ಕ್ಲಾಸು ಮಾಡಿ ಕಲರ್ ಪ್ರಿಂಟ್ ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಂಡರೆ ಮುಗೀತು. ನನ್ನ ಸರ್ಟಿಫಿಕೇಟೂ ಅಂಥದ್ದೇ. ಅದಕ್ಕೇ ನನ್ನ ಹತ್ತಿರ ಯಾರೇ ಬಂದರೂ ಮೊದಲು ಕೇಳುವುದು, "ಡಾಕ್ಟರಿಗೆ ತೋರಿಸಿದ್ರೇನು? ರಿಪೋರ್ಟ್ ಎಲ್ಲಿ?" ತೋರಿಸಿಲ್ಲ ಅಂದರೆ ಚಹಾ ಕುಡಿಸಿ ಕಳಿಸುತ್ತೇನೆ, ಕೈ ಇಡುವುದಿಲ್ಲ. ಓಣಿಯಲ್ಲಿ ನನಗೆ ಸೊಕ್ಕು ಅಂತ ಹೆಸರು ಬಂದಿದೆ.

ಸಾಗರದ_ಹುಡುಗ
ಬುಧವಾರ, ಬೆಳಿಗ್ಗೆ 9:34

ನಿಮ್ಮಂಥವರು ಚಿಕ್ಕಮ್ಮನಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಅಕ್ಕ.

ಹಿತ್ತಲ_ಮಲ್ಲಿಗೆ
ಎರಡು ವಾರದ ಬಳಿಕ, ಶನಿವಾರ, ಸಂಜೆ 6:40

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮೊದಲು ವರದಿ ಒಪ್ಪಿಸುತ್ತೇನೆ.

ಮೂಳೆ ಡಾಕ್ಟರ್ ನೋಡಿ ಫ್ರೋಜನ್ ಶೋಲ್ಡರ್ ಅಂತಲೇ ಹೇಳಿದರು. ಎಚ್‌ಬಿಎ1ಸಿ 6.1 ಬಂದಿದೆ. ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲಲ್ಲಿದ್ದೀರಿ ಎಂದರು. ತಾಲ್ಲೂಕು ಡಾಕ್ಟ್ರೇ, ನೀವು ಕೇಳದಿದ್ದರೆ ನೋಡಿಸುತ್ತಲೇ ಇರಲಿಲ್ಲ. ಸಂಜೆಯ ಬನ್ನು ಬಿಟ್ಟಿದ್ದೇನೆ. ಫಿಸಿಯೊ ಹುಡುಗಿ ಗೋಡೆಯ ಮೇಲೆ ಬೆರಳು ನಡೆಸುವುದು ಕಲಿಸಿದ್ದಾಳೆ. ಅಡುಗೆಮನೆಯ ಬಾಗಿಲ ಪಕ್ಕ ಪೆನ್ಸಿಲ್ಲಿನಲ್ಲಿ ದಿನಾ ಗೆರೆ ಹಾಕುತ್ತಿದ್ದೇನೆ, ಮಗಳು ಚಿಕ್ಕವಳಿದ್ದಾಗ ಎತ್ತರ ಗುರುತು ಹಾಕಿದ್ದೆವಲ್ಲ, ಅದೇ ಜಾಗದಲ್ಲಿ. ಈಗ ಅವಳ ಆರನೇ ವರ್ಷದ ಗೆರೆಗೆ ಬಂದಿದ್ದೇನೆ.

ನಿದ್ದೆ ಒಂದು ದಿನ ಬರುತ್ತದೆ, ಒಂದು ದಿನ ಇಲ್ಲ. ಮೂರಕ್ಕೆ ಎಚ್ಚರವಾದಾಗ ಇವರನ್ನು ಎಬ್ಬಿಸಿ ಹೇಳಿದೆ, ಯಾಕೆ ಏಳುತ್ತೇನೆ ಅಂತ. ಇವರೂ ಒಂದು ಗಂಟೆಗೆ ಏಳುತ್ತಾರಂತೆ! ಎದ್ದು ಬಾತ್‌ರೂಮಿಗೆ ಹೋಗಿ ಬಂದು ಮಲಗುತ್ತಾರಂತೆ, ನನಗೆ ಹೇಳಿರಲಿಲ್ಲ. ಆ ರಾತ್ರಿ ಅತ್ತೆಯ ವಿಷಯ ಮಾತಾಡುತ್ತಾ ಕೂತೆವು. ಹಾಲಿನವನು ಬಂದುಬಿಟ್ಟ.

ರೇಖಿಗೆ ಮತ್ತೆ ಹೋದೆ. ಹೌದು, ಹೋದೆ. ಕೋರ್ಸು ಬೇಡ, 21 ದಿನವೂ ಬೇಡ, ತಿಂಗಳಿಗೆ ಒಂದು ಸಲ ಬರುತ್ತೇನೆ, ಭುಜಕ್ಕೆ ಬೇರೆ ಕಡೆ ತೋರಿಸಿದ್ದೇನೆ ಅಂತ ಮೊದಲೇ ಹೇಳಿದೆ. ರಿಪೋರ್ಟನ್ನೂ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಓದಿ, "ನನಗೂ 6.4 ಇದೆ ಮೇಡಂ" ಎಂದರು. ಅನಾಹತದ ಸುದ್ದಿ ಮತ್ತೆ ಎತ್ತಲಿಲ್ಲ.

ತಾಲ್ಲೂಕು_ಡಾಕ್ಟರ್
ಶನಿವಾರ, ರಾತ್ರಿ 8:15

6.1 ಬೇಗ ಗೊತ್ತಾಗಿದ್ದು ಒಳ್ಳೆಯದು. ಮೂರು ತಿಂಗಳಿಗೆ ಮತ್ತೆ ನೋಡಿಸಿ. ರೇಖಿಗೆ ಹೋಗಿ, ನನ್ನದೇನೂ ತಕರಾರಿಲ್ಲ. ಮನಸ್ಸು ತೀರಾ ಭಾರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರಿಗೂ ನಂಬರ್ ಕೊಟ್ಟಿರಿ.

ಒಗ್ಗರಣೆ_ಡಬ್ಬಿ
ಶನಿವಾರ, ರಾತ್ರಿ 8:50

ಎಲ್ಲ ಸರಿ. ನನ್ನ ಪ್ರಶ್ನೆಗೆ ಎರಡು ವಾರದಿಂದ ಉತ್ತರ ಬಂದಿಲ್ಲ. ಕುಕ್ಕರ್ ಎಷ್ಟು ಸೀಟಿ?

ಹಿತ್ತಲ_ಮಲ್ಲಿಗೆ
ಶನಿವಾರ, ರಾತ್ರಿ 9:05

ಮೊದಲ ಸಲ ಮೂರಾದಮೇಲೆ ನಿದ್ದೆ ಹೋದೆ, ಗೊತ್ತಿಲ್ಲ. ಈ ಸಲ ನಿದ್ದೆಯೇ ಬರಲಿಲ್ಲ ಕಣೇ. ಐದಾಯಿತು, ಆರಾಯಿತು, ಏಳೂ ಆಯಿತು, ಕೆಳಗೆ ಯಾರೂ ಆರಿಸುತ್ತಿಲ್ಲ. ಆಕೆಯ ಕೈ ನನ್ನ ಕಣ್ಣ ಮೇಲೆ. ಎಂಟನೇ ಸೀಟಿಗೆ ಟಿಶ್ಯೂ ತೆಗೆದು ಎದ್ದು ಕೂತೆ. "ಮೇಡಂ, ಬೇಳೆ ತಳ ಹಿಡಿಯುತ್ತೆ" ಅಂದೆ. ಆಕೆ "ಅಯ್ಯೋ, ನಮ್ಮದೇ!" ಅಂತ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಓಡಿದರು.